ಹಸಿರು ಸ್ವೆಟರಿನ ಹುಡುಗಿ

ಸಿನಿಮಾ ನೋಡುವುದೇ ಅವಳ ಉದ್ಯೋಗ. ಕೇಳಿದವರಿಗೆಲ್ಲ ಹೊಟ್ಟೆಕಿಚ್ಚು. ಆದರೆ ಮುತ್ತು ಎಷ್ಟು, ಬೈಗುಳ ಎಷ್ಟು, ಮಕ್ಕಳು ಬೆಚ್ಚಿಬೀಳುವಂಥದ್ದು ಏನಾದರೂ ಇದೆಯಾ ಎಂದು ಕಣ್ಣು ಮಿಟುಕಿಸದೆ ಬರೆದುಕೊಳ್ಳುವ ಕೆಲಸದಲ್ಲಿ ಸುಖ ಎಲ್ಲಿ ಬಂತು? ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಕೂತು ಟೀವಿಯಲ್ಲಿ ಯಾವ ಚಿತ್ರ ನೋಡಬಹುದು ಎಂದು ಅವಳೂ ಒಬ್ಬ ಮಕ್ಕಳ ಡಾಕ್ಟರೂ ಸೇರಿ ತೀರ್ಮಾನಿಸುತ್ತಿದ್ದರು.

ಆ ದಿನ ಬಂದದ್ದು ಐಸ್ ಸ್ಕೇಟಿಂಗ್ ಮಾಡುವ ಜೋಡಿಯ ಪ್ರೇಮಕಥೆ. ಮೊದಲು ಜಗಳ, ಆಮೇಲೆ ಒಲವು, ಕೊನೆಗೆ ದೊಡ್ಡ ಸ್ಪರ್ಧೆ.

"ಎರಡೇ ಮುತ್ತು. ಅದರಲ್ಲೂ ಒಂದು ಹಣೆಗೆ," ಎಂದರು ಡಾಕ್ಟರು. "ಇದನ್ನ ನಮ್ಮತ್ತೆ ಪಕ್ಕದಲ್ಲಿ ಕೂತೂ ನೋಡಬಹುದು."

ಅವಳು ನಗಲಿಲ್ಲ. ಪರದೆಯ ಮೇಲೆ ಕ್ಯಾಮೆರಾ ಪ್ರೇಕ್ಷಕರತ್ತ ತಿರುಗಿತ್ತು. ಏಳನೇ ಸಾಲಿನಲ್ಲಿ ಒಂಬತ್ತು ವರ್ಷದ ಹುಡುಗಿ. ಹಸಿರು ಸ್ವೆಟರು, ಮೊಣಕೈಗೆ ಹಳದಿ ಉಣ್ಣೆಯ ತೇಪೆ. ಆ ತೇಪೆ ಹಾಕಿದ್ದು ಇವಳ ಅಮ್ಮನೇ.

ಮೂವತ್ತೊಂದು ವರ್ಷದ ಹಿಂದೆ ಅದೇ ಸ್ವೆಟರು ತೊಟ್ಟಿದ್ದ ತಂಗಿಯನ್ನು ಐಸ್ ಸ್ಕೇಟಿಂಗ್ ನೋಡಲು ಕರೆದುಕೊಂಡು ಹೋದವಳು ಅವಳೇ. ಆಗ ಅವಳಿಗೆ ಹದಿನಾಲ್ಕು. "ಇಲ್ಲೇ ಕೂತಿರು, ಈಗ ಬಂದೆ," ಎಂದು ಹೇಳಿ ಗೆಳತಿಯರ ಜೊತೆ ಹರಟೆಗೆ ನಿಂತಳು. ಬಂದು ನೋಡಿದರೆ ಕುರ್ಚಿ ಖಾಲಿ. ಪೊಲೀಸರು ಊರೆಲ್ಲ ಜಾಲಾಡಿದರೂ ಸುಳಿವು ಸಿಗಲಿಲ್ಲ. "ಷೂ ಲೇಸ್ ಕಟ್ಟೋಕೆ ಬಗ್ಗಿದ್ದೆ ಅಷ್ಟೇ," ಎಂದು ಅಮ್ಮನಿಗೆ ಹೇಳಿದ ಸುಳ್ಳು ಹಾಗೇ ಉಳಿದುಬಿಟ್ಟಿತು.

"ಆ ಹುಡುಗೀನ ನೋಡಿದ್ರಾ?"

ಡಾಕ್ಟರು ಚಿತ್ರವನ್ನು ಹಿಂದಕ್ಕೆ ಓಡಿಸಿದರು. "ಹಸಿರು ಸ್ವೆಟರಿನವಳಾ? ಥೇಟ್ ನಿಮ್ಮ ಹಾಗೇ ಇದ್ದಾಳಲ್ಲ. ಐದನೇ ಸಾಲು."

ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. ಹುಡುಗಿ ಈಗಷ್ಟೇ ಏಳನೇ ಸಾಲಿನಲ್ಲಿದ್ದಳು. ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದರೆ ಹುಡುಗಿಯೊಬ್ಬಳೇ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಳು. ನೋಡುತ್ತಿದ್ದದ್ದು ಐಸನ್ನಲ್ಲ, ನೇರ ಇತ್ತ ಕಡೆ.

ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಅವಳು ಬೇಗನೆ ಮನೆಗೆ ಬಂದಳು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಚಿತ್ರ ಹಾಕಿದಳು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು.

"ಇದನ್ನ ನಾನು ಟಾಕೀಸಲ್ಲಿ ನಾಲ್ಕು ಸಲ ನೋಡಿದ್ದೀನಿ," ಎಂದರು.

"ಯಾಕಮ್ಮ?"

"ಅವಳನ್ನ ನೋಡೋಕೆ. ಮೊದಲನೇ ಸಲ ತೀರಾ ಹಿಂದೆ, ಬಾಗಿಲ ಹತ್ತಿರ ಇದ್ದಳು. ಪ್ರತಿ ಸಲ ಒಂಚೂರು ಮುಂದೆ ಬರ್ತಾಳೆ. ನಿನಗೆ ಹೇಳಿದ್ರೆ ಮುದುಕಿಗೆ ಅರಳುಮರಳು ಅಂತೀಯ ಅಂತ ಸುಮ್ಮನಿದ್ದೆ."

ಪರದೆಯ ಮೇಲೆ ಹುಡುಗಿ ಮೊದಲನೇ ಸಾಲಿಗೆ ಬಂದಿದ್ದಳು. ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಇನ್ನು ತಡೆಯಲಾಗಲಿಲ್ಲ. "ಅಮ್ಮ, ಅವತ್ತು ನಾನು ಲೇಸ್ ಕಟ್ಟುತ್ತಾ ಇರಲಿಲ್ಲ. ಅವಳನ್ನ ಒಬ್ಬಳನ್ನೇ ಬಿಟ್ಟು ಹೋಗಿದ್ದೆ. ಅರ್ಧ ಗಂಟೆ."

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಷೂಗೆ ಲೇಸೇ ಇರಲಿಲ್ಲ ಕಣೆ, ಪಟ್ಟಿ ಇತ್ತು. ಕೊಡಿಸಿದವಳು ನಾನಲ್ವಾ? ನೀನಾಗಿ ಹೇಳ್ತೀಯ ಅಂತ ಕಾದೆ."

ಅವಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು. ತಲೆ ಸವರುತ್ತಿದ್ದ ಅಮ್ಮನ ಕೈ ತಟ್ಟನೆ ನಿಂತಿತು.

"ನೋಡು."

ಮತ್ತೆ ಪ್ರೇಕ್ಷಕರ ಸಾಲು. ಮೊದಲನೇ ಸಾಲಿನಲ್ಲಿ ಹುಡುಗಿ ಕೂತಿದ್ದ ಕುರ್ಚಿ ಖಾಲಿ. ಈಗಷ್ಟೇ ಯಾರೋ ಎದ್ದುಹೋದಂತೆ ಅದರ ಮಡಿಚುವ ಹಲಗೆ ಇನ್ನೂ ಮೆಲ್ಲಗೆ ಅಲುಗುತ್ತಿತ್ತು.

ಅಮ್ಮ ಎದ್ದುಹೋಗಿ ಮುಂಬಾಗಿಲ ಚಿಲಕ ತೆಗೆದರು. ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತರು.

"ಚಳಿ ಒಳಗೆ ಬರುತ್ತಮ್ಮ."

"ಬರಲಿ."

ಅವಳು ವರದಿಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು: 'ಮಕ್ಕಳು ನೋಡಲು ಅಡ್ಡಿಯಿಲ್ಲ. ಹಿರಿಯರು ಜೊತೆಗಿರಬೇಕು. ನಡುವೆ ಎದ್ದು ಹೋಗಬಾರದು.'

ಸಹಿ ಹಾಕುವಷ್ಟರಲ್ಲಿ ಕೆಳಗಿನಿಂದ ಹೆಜ್ಜೆಯ ಸದ್ದು ಕೇಳಿಸಿತು. ಹಗುರ ಹೆಜ್ಜೆಗಳು. ಮನೆ ಯಾವುದೆಂದು ಗೊತ್ತಿಲ್ಲದವರ ಹಾಗೆ ಪ್ರತಿ ಮಹಡಿಯಲ್ಲೂ ನಿಂತು ನಿಂತು ಮೇಲಕ್ಕೆ ಬರುತ್ತಿದ್ದವು. ಅವಳು ಪೆನ್ನು ಕೆಳಗಿಟ್ಟು, ಅಮ್ಮನ ಕೈ ಹಿಡಿದುಕೊಂಡು, ಮೆಟ್ಟಿಲ ಕಡೆಗೆ ತಂಗಿಯ ಹೆಸರು ಹಿಡಿದು ಕೂಗಿದಳು.