ಬಲಹೆಗಲು ಅರ್ಧ ಇಂಚು

ಸಿನಿಮಾ ಬಿಡುಗಡೆಯಾಗುವುದಕ್ಕೆ ಎಂಟು ತಿಂಗಳು ಮೊದಲೇ ಕೊಲೆಗಾರ ಯಾರೆಂದು ಮೂವರಿಗೆ ಗೊತ್ತಿತ್ತು: ಕಥೆ ಬರೆದವನಿಗೆ, ನಿರ್ದೇಶಕನಿಗೆ, ಮತ್ತು ತನ್ನ ಮನೆಯ ನೆಲದ ಮೇಲೆ ಮಂಡಿಯೂರಿ ಕೋಟಿನ ಬಟ್ಟೆ ಕತ್ತರಿಸುತ್ತಿದ್ದ ಟೈಲರ್ ಹೆಂಗಸಿಗೆ. ಮೂರನೆಯವಳಿಗೆ ಗೊತ್ತಿದೆ ಎನ್ನುವುದು ಮೊದಲಿಬ್ಬರಿಗೆ ಗೊತ್ತಿರಲಿಲ್ಲ.

ಸಿನಿಮಾದವರು ಪಾತ್ರಕ್ಕೊಂದರಂತೆ ಅಳತೆ ಚೀಟಿ ಕಳಿಸಿದ್ದರು. ಡಾಕ್ಟರು, ವಕೀಲ, ಡ್ರೈವರು, ಸತ್ತವನ ತಮ್ಮ. ಬೂದು ಬಣ್ಣದ ಉದ್ದ ಕೋಟಿನ ಚೀಟಿಯಲ್ಲಿ ಮಾತ್ರ ಹೆಸರಿನ ಜಾಗಕ್ಕೆ ಕಪ್ಪು ಮಸಿ ಬಳಿದಿತ್ತು. ಒಂದೇ ತರಹದ ಮೂರು ಕೋಟು ಬೇಕು, ಹೊರಗೆ ಬಾಯಿ ಬಿಡಬಾರದು ಎಂದು ಕೆಳಗೆ ಬರೆದಿತ್ತು. ಹೆಸರು ಅಳಿಸಿದ ಜಾಣರು ಅಳತೆ ಅಳಿಸಿರಲಿಲ್ಲ. ಅಳಿಸಿದರೆ ಹೊಲಿಯುವುದು ಹೇಗೆ? ಎದೆ ನಲವತ್ತು, ತೋಳು ಇಪ್ಪತ್ತಾರು, ಬಲಹೆಗಲು ಎಡಕ್ಕಿಂತ ಅರ್ಧ ಇಂಚು ಇಳಿಜಾರು. ಹಿಂದಿನ ದಿನವಷ್ಟೇ ವಕೀಲನ ಕಪ್ಪು ಕೋಟಿಗಾಗಿ ಅದೇ ಹೆಗಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಕಳ್ಳ ಮುಟ್ಟಿಕೊಳ್ಳುವ ಕಷ್ಟವನ್ನೂ ಇಟ್ಟಿರಲಿಲ್ಲ, ಹೆಗಲನ್ನು ಬರಹದಲ್ಲೇ ಕಳಿಸಿದ್ದ.

ಅವಳ ಮಾವ ಛಾಪಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತರಾದವರು. ಕೆಲಸ ಬಿಟ್ಟರೂ ಕೆಂಪು ಪೆನ್ನು ಬಿಟ್ಟಿರಲಿಲ್ಲ. ಸೊಸೆ ಬರೆದಿಟ್ಟ ಸಾಮಾನಿನ ಪಟ್ಟಿಯನ್ನೂ ತಿದ್ದಿಯೇ ಮಗನ ಕೈಗೆ ಕೊಡುತ್ತಿದ್ದರು. ಒಮ್ಮೆ 'ಸೋಪು' ಎಂಬುದನ್ನು ಹೊಡೆದುಹಾಕಿ, ಬಚ್ಚಲಿಗೆ ಹೋಗಿ ನೋಡಿ ಬಂದು, ಹೊಡೆದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಟ್ಟಿದ್ದರು. ಚುಕ್ಕಿ ಎಂದರೆ ಕರಡು ತಿದ್ದುವವರ ಭಾಷೆಯಲ್ಲಿ 'ಹೊಡೆದದ್ದು ನನ್ನ ತಪ್ಪು, ಇದ್ದದ್ದು ಇದ್ದ ಹಾಗೇ ಇರಲಿ' ಎಂದರ್ಥ. ಬಾಯಲ್ಲಿ ಆ ಮಾತು ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲ.

ಮನೆಯಲ್ಲಿ ಒಳ್ಳೆಯ ಬೆಳಕು ಬೀಳುತ್ತಿದ್ದದ್ದು ಒಂದೇ ಕಿಟಕಿಗೆ. ಅದರ ಕೆಳಗೆ ಆರಡಿ ಮೇಜು, ಮೇಜಿನ ತುಂಬ ಮಾವನ ಪತ್ತೇದಾರಿ ಕಾದಂಬರಿಗಳು. ಮೂವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅವರು ಅಂಚಿನಲ್ಲಿ ಕೊಲೆಗಾರನ ಹೆಸರು ಬರೆದುಬಿಡುತ್ತಿದ್ದರು. ನಾಲ್ಕಕ್ಕೆ ಮೂರು ಸಲ ಸರಿ. ನೆಲದ ಮೇಲೆ ಕತ್ತರಿ ಆಡಿಸಿ ಆಡಿಸಿ ಸೊಸೆಯ ಮಂಡಿಗಳು ಮುಷ್ಕರ ಹೂಡಿದ್ದವು. ಎರಡು ಸಲ ಮೇಜು ಕೇಳಿದ್ದಳು. ಎರಡು ಸಲವೂ ಒಂದೇ ಉತ್ತರ.

“ಹೊಲಿಗೆ ಕೈಕೆಲಸ ಕಣಮ್ಮಾ, ಎಲ್ಲಿ ಕೂತರೂ ಆಗುತ್ತೆ. ಇದು ತಲೆಕೆಲಸ. ಬೆಳಕು ಬೇಕು.”

ಬೂದು ಕೋಟು ಬಂದ ವಾರ ಅವಳು ಮೂರನೇ ಸಲ ಕೇಳಲಿಲ್ಲ, ಪಂದ್ಯ ಕಟ್ಟಿದಳು. ಈ ಸಿನಿಮಾದ ಕೊಲೆಗಾರನನ್ನು ನಾನು ಒಂದು ಪುಟವೂ ಓದದೆ, ಒಂದು ದೃಶ್ಯವೂ ನೋಡದೆ ಹೇಳುತ್ತೇನೆ. ಸರಿಯಾದರೆ ಮೇಜು ನನ್ನದು ಎಂದಳು. ಮಾವ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. ಹೆಸರು ಮಾತ್ರ ನನ್ನ ಕಿವಿಗೆ ಬೀಳಬಾರದು, ರಸ ಕೆಡುತ್ತದೆ ಎಂದರು. ಅವಳು ಚೀಟಿಯೊಂದರಲ್ಲಿ 'ವಕೀಲ' ಎಂದು ಬರೆದು, ಮಡಚಿ, ನಾಲ್ಕೂ ಅಂಚಿಗೆ ಹೊಲಿಗೆ ಹಾಕಿ ಕೊಟ್ಟಳು. ಎಂಟು ತಿಂಗಳು ಆ ಚೀಟಿ ಅವರ ಪುಸ್ತಕಗಳಲ್ಲಿ ಪುಟದ ಗುರುತಾಗಿ ಓಡಾಡಿತು.

ಬಿಡುಗಡೆಯ ವಾರ ಮೂವರೂ ಮಧ್ಯಾಹ್ನದ ಆಟಕ್ಕೆ ಹೋದರು. ಮೂರನೆಯವನು ಅವಳ ಗಂಡ. ಬಂದದ್ದು ತಂಪು ಗಾಳಿಯಲ್ಲಿ ನಿದ್ದೆ ಮಾಡಲು, ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ಮಧ್ಯಂತರದವರೆಗೆ ಕಥೆ ಗಟ್ಟಿಯಾಗಿತ್ತು. ಬೂದು ಕೋಟಿನವನು ಬರೀ ಬೆನ್ನು ತೋರಿಸುತ್ತ ಮೂರು ಕೊಲೆ ಮಾಡಿದ. ಕೋಟು ಮೈಗೆ ಅಂಟಿದಂತೆ ಕೂತಿತ್ತು; ಬಲಹೆಗಲಿನಲ್ಲಿ ಒಂದು ಸುಕ್ಕಿಲ್ಲ. ಸೊಸೆಗೆ ಆಗಲೇ ಕಿಟಕಿಯ ಬೆಳಕು ಕಣ್ಣಿಗೆ ಬಿದ್ದಂತಾಗಿತ್ತು.

ಆಮೇಲೆ ಏನಾಯಿತೋ, ಕಥೆಗೆ ಭೇದಿ ಹಿಡಿಯಿತು. ಕೊನೆಗೆ ಗೋದಾಮಿನಲ್ಲಿ ಅಟ್ಟಿಸಿಕೊಂಡು ಹೋದ ಪೊಲೀಸರ ಮುಂದೆ ಬೂದು ಕೋಟಿನವನು ತಿರುಗಿ ನಿಂತ. ಡಾಕ್ಟರು. ಮೊದಲ ಕೊಲೆಯ ದಿನ ಹಡಗಿನಲ್ಲಿದ್ದ ಡಾಕ್ಟರು. ಹಡಗಿನಿಂದ ಬಂದದ್ದು ಹೇಗೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು, ಬಹುಶಃ ಈಜಿಕೊಂಡು ಬಂದಿರಬೇಕು ಎಂದರು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ, ಇಲಿಯೂ ಪಕ್ಕದ ಬೆಟ್ಟದ್ದು.

ಮನೆಗೆ ಬಂದು ಮಾವ ಬ್ಲೇಡಿನಿಂದ ಹೊಲಿಗೆ ಬಿಡಿಸಿದರು. ಓದಿದರು. ಕೆಂಪು ಪೆನ್ನಿನಲ್ಲಿ 'ವಕೀಲ'ದ ಮೇಲೆ ಒಂದು ಗೆರೆ ಎಳೆದು ಚೀಟಿಯನ್ನು ಅವಳ ಮುಂದಿಟ್ಟರು. ಗೆದ್ದ ಗೆಲುವೇನೂ ಮುಖದಲ್ಲಿರಲಿಲ್ಲ. ಕೆಟ್ಟ ಕರಡು ಓದಿದ ದಿನದ ಮುಖ.

ಅವಳಿಗೆ ಮೇಜು ಹೋದ ಸಂಕಟಕ್ಕಿಂತ ಬೇರೊಂದು ಹುಳ ತಲೆಯಲ್ಲಿ ಕೊರೆಯುತ್ತಿತ್ತು. ತನ್ನ ಕೈಯಲ್ಲಿ ಕತ್ತರಿಸಿದ ಕೋಟು, ಒಬ್ಬನ ಮೈಗೆ ಹೇಳಿ ಮಾಡಿಸಿದ್ದು, ಗೋದಾಮಿಗೆ ಬರುವಷ್ಟರಲ್ಲಿ ಯಾಕೆ ಜೋತುಬಿತ್ತು?

“ಮಾವ, ಕೊನೇಲಿ ಡಾಕ್ಟರ ಬೆರಳು ಕಾಣಿಸ್ತಾ ನಿಮಗೆ?”

ಮಾವ ಕಣ್ಣು ಮುಚ್ಚಿದರು. ಅವರು ನೆನಪು ಮಾಡಿಕೊಳ್ಳುತ್ತಿದ್ದದ್ದೂ ಪುಟ ಓದುವ ಹಾಗೆ, ಎಡದಿಂದ ಬಲಕ್ಕೆ.

“ಇಲ್ಲ. ಪಿಸ್ತೂಲು ಕಾಣಿಸ್ತು. ಬೆರಳು ಕಾಣಲಿಲ್ಲ.”

“ತೋಳಿನೊಳಗಿತ್ತು. ಡಾಕ್ಟರ ತೋಳು ಇಪ್ಪತ್ಮೂರು. ಆ ಕೋಟಿನದು ಇಪ್ಪತ್ತಾರು. ಮೂರು ಕೊಲೆ ಮಾಡೋವಾಗ ಸರಿಯಾಗಿದ್ದ ತೋಳು, ಸಿಕ್ಕಿಬೀಳೋವಾಗ ಯಾಕೆ ಬೆಳೀತು?”

ಮಾವ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತು ಸೊಸೆಯನ್ನೇ, ಹೊಸ ಪುಸ್ತಕವೊಂದನ್ನು ನೋಡುವ ಹಾಗೆ ನೋಡಿದರು. ಆಮೇಲೆ ತಮ್ಮ ಕಸುಬಿನ ಒಂದು ಸಂಗತಿ ಹೇಳಿದರು. ಪುಸ್ತಕದ ಕೊನೆಯ ಹಾಳೆಯಲ್ಲಿ ಅಕ್ಷರದ ಅಚ್ಚು ಕೂದಲೆಳೆಯಷ್ಟು ದಪ್ಪವಾದರೂ ಸಾಕು, ಆ ಹಾಳೆಯನ್ನು ಆಮೇಲೆ ಬೇರೆ ಕೈ ಜೋಡಿಸಿದೆ ಎಂದು ಗೊತ್ತಾಗುತ್ತದಂತೆ.

“ಬೇರೆ ಕೈ,” ಎಂದರು ಮತ್ತೊಮ್ಮೆ. “ಕೇಳು ಅವರನ್ನ.”

ಮಾರನೆಯ ಬೆಳಗ್ಗೆ ಅವಳು ಸಿನಿಮಾದ ಬಟ್ಟೆಬರೆ ನೋಡಿಕೊಳ್ಳುವವನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದಳು. ಮಾವ ಪೇಪರು ಓದುವ ನೆಪದಲ್ಲಿ ಪುಟ ತಿರುಗಿಸುವುದನ್ನೇ ಮರೆತು ಕೂತರು. ಕೋಟು ಸರಿಯಾಗಿತ್ತೇ, ಏನಾದರೂ ಹೆಚ್ಚುಕಮ್ಮಿ ಆಯಿತೇ ಎಂದು ಅವಳು ವಿಚಾರಿಸಿದಳು. ಆ ಕಡೆಯವನು ಪಾಪ, ಯಾರಾದರೂ ಕೇಳಲಿ ಎಂದೇ ಕಾದಿದ್ದವನಂತೆ ಶುರುಮಾಡಿದ.

“ಕೋಟಲ್ಲಿ ಏನೂ ತಪ್ಪಿಲ್ಲ ಅಕ್ಕಾ. ಕೊನೇ ಸೀನಿಗೆ ಎರಡು ದಿನ ಇರುವಾಗ ವಕೀಲರು ಮೆಟ್ಟಿಲಿಂದ ಜಾರಿ ಕಾಲು ಮುರ್ಕೊಂಡ್ರು. ಗೋದಾಮು ಬಿಟ್ಟುಕೊಡೋ ದಿನ ಬಂದುಬಿಟ್ಟಿತ್ತು, ಕಾಯೋ ಹಾಗಿಲ್ಲ. ಅವತ್ತು ಸೆಟ್ಟಲ್ಲಿ ಖಾಲಿ ಕೂತಿದ್ದೋರು ಡಾಕ್ಟರು. ಅವರಿಗೇ ಹಾಕಿಬಿಟ್ವಿ. ತೋಳು ಮಡಚಿ ಪಿನ್ನು ಚುಚ್ಚಿದ್ದೆ, ಓಡೋವಾಗ ಬಿಚ್ಕೊಂಡುಬಿಡ್ತು. ಬಿಡಿ, ಯಾರೂ ನೋಡಿಲ್ಲ.”

ಸೊಸೆ ಫೋನಿಟ್ಟಳು. ಮಾವ ಚೀಟಿ ಎಲ್ಲಿ ಎಂದು ಕೈ ಚಾಚಿದರು. ಕೆಂಪು ಗೆರೆಯ ಕೆಳಗೆ, 'ವಕೀಲ'ದ ಮೂರಕ್ಷರಕ್ಕೆ ಮೂರು ಚುಕ್ಕಿ ಇಟ್ಟರು. ಆಮೇಲೆ ಎದ್ದು, ಮೇಜಿನ ಮೇಲಿನ ಪುಸ್ತಕಗಳನ್ನು ಎರಡೂ ಕೈಯಲ್ಲಿ ಎತ್ತಿ ಮಂಚದ ಕೆಳಗೆ ಜೋಡಿಸತೊಡಗಿದರು. ನೆರವಿಗೆ ಹೋದ ಮಗನನ್ನು, ನೀನು ಹೋಗಿ ಮಲಗಪ್ಪ ಎಂದು ಕಳಿಸಿದರು.

ಕೊನೆಗೆ ಒಂದೇ ಪುಸ್ತಕ ಉಳಿಯಿತು.

“ಇದು ಮೂವತ್ತನೇ ಪುಟಕ್ಕೆ ಬಂದಿದೆ. ಕೊಲೆಗಾರ ಇನ್ನೂ ಸಿಕ್ಕಿಲ್ಲ. ಮೂಲೇಲಿ ಇದ್ದರೆ ನಿನಗೆ ತೊಂದರೆ ಇಲ್ಲವಲ್ಲ?”

ಸೊಸೆ ಬಟ್ಟೆ ಹಾಸುತ್ತ ಪುಸ್ತಕದ ಹೊದಿಕೆಯತ್ತ ನೋಡಿದಳು. ಬೀದಿದೀಪದ ಕೆಳಗೆ ಟೋಪಿ ಹಾಕಿದ ಒಂದು ನೆರಳು, ಮುಖವಿಲ್ಲ, ಉದ್ದನೆಯ ಕೋಟು. ಬಗ್ಗಿ ನೋಡಿದಳು. ಕೋಟಿನ ಗುಂಡಿಗಳನ್ನು ಚಿತ್ರ ಬರೆದವನು ಹೆಂಗಸರ ಕೋಟಿನಲ್ಲಿರುವ ಹಾಗೆ ಎಡಗಡೆಗೆ ಬರೆದಿದ್ದ.

“ಮಾವ, ಇದು...”

ಮಾವ ಅಂಗೈಯಿಂದ ಹೊದಿಕೆ ಮುಚ್ಚಿದರು.

“ಹೇಳಬೇಡ. ಚೀಟಿಯಲ್ಲಿ ಬರೆದು ಹೊಲಿದು ಕೊಡು.”