ಊಟಾ ಆತೇನ್ರಿ ಅವ್ವಾರ

ಚಮಚ ಹತ್ತಿರ ಬಂದಾಗ ರತ್ನವ್ವನ ಬಾಯಿ ಗುಬ್ಬಿಮರಿಯದರಂತೆ ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ, ಋತುಜಾ ಚಮಚವನ್ನಷ್ಟೇ ನೋಡುತ್ತಾಳೆ, ದಿಂಬಿನ ಮೇಲೆ ಬಿಳಿ ಬಟ್ಟೆಯ ಗಂಟಾಗಿ ಮಲಗಿರುವ ಬಲಗೈಯನ್ನಲ್ಲ — ಬೆರಳು ಮಡಚಾಕ ಬರ್ತಾವೋ ಇಲ್ಲೋ ಈಗ ಹೇಳಾಕ ಆಗೂದಿಲ್ಲ ಅಂದರಂತೆ ಡಾಕ್ಟರು, ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಕೈ ಅದು, ಓಣಿಗೆಲ್ಲ ಅದರ ಸಪ್ಪಳವೇ ಗಡಿಯಾರ. ಎದುರುಮನಿ ಕಾಕುಗ ಉಣಿಸಿ ಬಾ ಎಂದು ಡಬ್ಬಿ ಕೊಟ್ಟು ಸತ್ತೂರಿನ ಆಸ್ಪತ್ರೆಯ ಬಸ್ಸು ಹತ್ತಿಸಿದವಳು ಅಮ್ಮ, ಅಮ್ಮನಿಗೇನು ಗೊತ್ತು, ಯಾರಿಗೂ ಗೊತ್ತಿಲ್ಲ, ಪ್ರಿನ್ಸಿಪಾಲ ಯಜ್ಞೇಶ್ವರ ಸರ್ ಅವರ ಮೂಗಿನ ದನಿಯಲ್ಲಿ ರಜೆ ಸಾರಿ ಅರ್ಧ ಕಾಲೇಜನ್ನು ಮನೆಗೆ ಅಟ್ಟಿದ ಹದಿನೇಳರ ಹುಡುಗಿ ಇವಳು, ಇಬ್ಬರು ಬೀಗತಿಯರ ಜಗಳವನ್ನು ಒಂದೇ ಗಂಟಲಲ್ಲಿ ಆಡಿ ಮದುವೆಮನೆಯನ್ನೇ ನಗಿಸಿದವಳು, ಎಲ್ಲರ ಮುದ್ದಿನ ಗಿಳಿ — ಗಿಳಿ ಏನು ತಿನ್ನುತ್ತಿದೆ ಎಂದು ಯಾರು ನೋಡಿದರು? ಮೊಬೈಲಿಗೆ ಬಂದ ಆ ರೆಕಾರ್ಡಿಂಗ್, ಮಗುವನ್ನು ಹೊತ್ತೊಯ್ದು ಕೊಂದವನೊಬ್ಬ ಅದರ ತಾಯಿಗೆ ಮಾಡಿದ್ದ ಫೋನು, ಕೂಗಾಟವಿಲ್ಲ, ಬೈಗುಳವಿಲ್ಲ, ಊಟಾ ಆತೇನ್ರಿ ಅವ್ವಾರ, ನಿಮ್ಮ ಮಗ ನನ್ನ ಕಡೆ ಅದಾನ್ರಿ, ಅಳಬ್ಯಾಡ್ರಿ, ಇಷ್ಟೇ, ಮೊದಲ ಸಲ ಕೇಳಿ ಮೊಬೈಲನ್ನು ಹಾಸಿಗೆಗೆ ಎಸೆದಿದ್ದಳು, ಎರಡನೆಯ ಸಲ ದನಿ ಏರಿಸಿದಳು, ಆಮೇಲೆ ಒಂದು ತಿಂಗಳು ಕಿವಿಯಲ್ಲಿ ಅವನೇ, ಎಲ್ಲಿ ಉಸಿರು ಎಳೆಯುತ್ತಾನೆ ಎಂಬುದೂ ಬಾಯಿಪಾಠ, ಅಸಹ್ಯ ಪಡಬೇಕಿತ್ತು, ಪಟ್ಟದ್ದು ಹೊಟ್ಟೆಕಿಚ್ಚು, ಮೂರೇ ಮಾತಿನಲ್ಲಿ ಒಂದು ಜೀವವನ್ನು ಅಲ್ಲಾಡಿಸುವುದೆಂದರೆ! ಒಂದೇ ಸಲ, ಅಂಜಿಕೆಯ ಮುಖ ಹೇಗಿರುತ್ತದೆ ನೋಡಿಬಿಡುವುದು — ಮೊನ್ನೆ ಮುಂಜಾನೆ ಮಾಳಿಗೆಯ ಕಿಟಕಿಗೆ ನಿಂತು, ತನ್ನ ನಂಬರು ಕಾಣದಂತೆ ಮಾಡಿ, ಎದುರಿನ ತಗಡಿನ ಶೆಡ್ಡಿಗೆ ಫೋನು. ಮಗ ಗುರುಪಾದ ಲಾರಿ ತೆಗೆದುಕೊಂಡು ಗೋವಾಕ್ಕೆ ಹೋಗಿದ್ದ, ರತ್ನವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತ ಸ್ಪೀಕರ್ ಒತ್ತಿದ್ದಳು, ಊಟಾ ಆತೇನ್ರಿ ಅವ್ವಾರ ಎಂದರೆ, ಇಲ್ರೀ ಇನ್ನೂ, ನಿಮ್ಮದಾತೇನ್ರಿ, ಯಾರ್ರೀ ಅಂತ ಗೊತ್ತಾಗಲಿಲ್ಲ ಎಂದು ನಕ್ಕಿದ್ದಳು, ಆ ನಗುವಿಗಾದರೂ ಕರೆ ಕತ್ತರಿಸಬಹುದಿತ್ತು, ನಿಮ್ಮ ಮಗ ನನ್ನ ಕಡೆ ಎಂಬ ಎರಡನೆಯ ಮಾತೂ ಹೋಯಿತು, ಬಟ್ಟೆ ಜಾರಿತು, ಅಂಗೈ ಹಂಚಿನ ಮೇಲೆ ಊರಿತು, ಎತ್ತಲಿಲ್ಲ, ಕೈ ಸುಡುತ್ತಿದೆ ಎಂಬುದೇ ಆಕೆಗೆ ತಿಳಿದಿಲ್ಲ, ಮುಖ ಫೋನಿನ ಕಡೆಗೇ, ಮತ್ತು ಋತುಜಾಗೆ ಇನ್ನೊಂದು ಮಾತು ಉಳಿದಿತ್ತು, ಅದನ್ನೂ ಹೇಳಿದಳು, ಉಸಿರೆಳೆಯುವ ಜಾಗದಲ್ಲಿ ಉಸಿರೆಳೆದು, ಅಳಬ್ಯಾಡ್ರಿ.

ಗುರುಪಾದ ಔಷಧಿ ತರಲು ಕೆಳಗೆ ಇಳಿದಿದ್ದಾನೆ, ಗೋವಾದಿಂದ ಊಟವಿಲ್ಲದೆ ಓಡಿಬಂದವನು, ಅವನು ಬರುವುದರೊಳಗೆ ಹೇಳಬೇಕು, ರತ್ನವ್ವ ಅನ್ನ ನುಂಗಿ, ಆ ಮನಷಾ ಭಾಳ ಮರ್ಯಾದಿಲೆ ಮಾತಾಡಿದ್ನವಾ, ಅವಗೇನು ತ್ರಾಸ ಇತ್ತೋ ಏನೋ, ಅನ್ನುತ್ತಾಳೆ, ಎಡಗೈಯಿಂದ ಡಬ್ಬಿಯನ್ನು ಇವಳ ಕಡೆ ಸರಿಸಿ, ನೀ ಉಂಡೀ ಇಲ್ಲವಾ, ಮುಖ ಸಣ್ಣದಾಗೇತಿ ಅನ್ನುತ್ತಾಳೆ, ಸಾಕು, ಈಗ, ತನ್ನದೇ ದನಿಯಲ್ಲಿ ಹೇಳಬೇಕು, ಎಲ್ಲಿದೆ ಅದು, ಸರ್ ಅವರದು ಸಿಗುತ್ತದೆ, ಬೀಗತಿಯರದು ಸಿಗುತ್ತದೆ, ತನ್ನದು ಗಂಟಲ ಯಾವ ಮೂಲೆಯಲ್ಲಿದೆ — ಕಾಕು, ಫೋನ್ ಮಾಡಿದ್ದು ನಾನ್ರೀ, ಅಂದದ್ದು ತಗ್ಗಿದ, ನಿಧಾನದ, ತುಂಬ ಮರ್ಯಾದೆಯ ದನಿ, ರೆಕಾರ್ಡಿಂಗಿನವನದೇ, ತುತ್ತಿಗೆಂದು ತೆರೆದ ಬಾಯಿ ಮುಚ್ಚುವುದಿಲ್ಲ, ಕಣ್ಣುಗಳು ಇವಳ ತುಟಿಯ ಮೇಲೆ ನಿಂತುಬಿಟ್ಟಿವೆ, ಏನಾದರೂ ಅನ್ನಬಾರದೇ ಕಾಕು, ಬೈಯಬಾರದೇ, ಮೊನ್ನೆ ಕಿಟಕಿಯಿಂದ ಕಂಡ ಮುಖವೇ ಇದು, ಹೊಗೆ, ಹಂಚು, ಹಂಚಿನ ಮೇಲೆ ಅಂಗೈ, ಎತ್ತುವುದಿಲ್ಲ, ಎತ್ತುವುದಿಲ್ಲ, ಅಂಗೈ