ಚೌಡವ್ವನ ನೊಣದ ರೆಕ್ಕೆ

"ಉಗುರಿನ ಸಂದ್ಯಾಗ ತಿಕ್ಕ, ಮಹೇಶ್ವರಿ. ವಾರ್ನಿಶ್ ಹೋಗವಲ್ದು," ಎನ್ನುತ್ತ ಗಂಗಾ ತೀರಿಹೋದ ತಾಯಿಯ ಮೈಮೇಲೆ ಇನ್ನೊಂದು ತಂಬಿಗೆ ನೀರು ಹಾಕಿದಳು.

ಮಹೇಶ್ವರಿ ಅತ್ತೆ ಚೌಡವ್ವನ ಹೆಬ್ಬೆರಳು ತಿಕ್ಕಿದಳು. ಇಪ್ಪತ್ತು ವರ್ಷ ಮೀನಿನ ಗಾಳಕ್ಕೆ ನೊಣದ ಹಾಗೆ ಗರಿ ಕಟ್ಟಿದ ಬೆರಳು. ದಾರದ ಗಂಟಿಗೆ ಹಚ್ಚುವ ವಾರ್ನಿಶ್ ಚರ್ಮವೇ ಆಗಿಬಿಟ್ಟಿತ್ತು.

"ಇರ್ಲಿ ಬಿಡ್ರೆವ್ವಾ," ಎಂದಳು ನೆರೆಮನೆಯ ಗುಡ್ಡವ್ವ. "ಚೌಡಿ ಅಲ್ಲೂ ಕುಂತು ನಾಕು ನೊಣ ಕಟ್ಟತಾಳ. ಸುಮ್ನ ಕುಂದ್ರೂ ಪೈಕಿ ಅಲ್ಲ ಆಕಿ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮಹೇಶ್ವರಿಯ ಕಿವಿ ಮಾತ್ರ ಅಡ್ಡ ಹಿಡಿದ ಸೀರೆಯಾಚೆಗಿತ್ತು. ಅಂಗಳದಲ್ಲಿ ಗುತ್ತಲದ ಜಮೀರ್ ಬಂದಿದ್ದ. ಗಾಳ, ಗರಿ ತಂದುಕೊಟ್ಟು, ನೊಣದಂತೆ ಕಟ್ಟಿದ ಗಾಳಗಳನ್ನು ಒಯ್ದು, ಟ್ರೌಟ್ ಮೀನು ಹಿಡಿಯುವ ತಣ್ಣನೆಯ ಬೆಟ್ಟದ ಸೀಮೆಗೆ ಕಳಿಸುವವನು ಅವನೇ.

ಮೈತೊಳೆದಾಯಿತು. ಇನ್ನು ಹಾವೇರಿಯಿಂದ ಚೌಡವ್ವನ ತಮ್ಮ ಸೋಮಣ್ಣ ಬರಬೇಕು. ತವರಿನ ಸೀರೆ ಉಡಿಸದೆ ಹೆಣ ಎತ್ತುವಂತಿಲ್ಲ. ಮಹೇಶ್ವರಿ ಒಳಗೆ ಕೂತಳು, ಎದ್ದಳು, ಮತ್ತೆ ಹೊರಗೆ ಬಂದಳು.

"ಅಕ್ಕಾರ, ಇಂಥಾ ಹೊತ್ತಿನ್ಯಾಗ ಕೇಳಬಾರದ್ರಿ," ಜಮೀರ್ ದನಿ ತಗ್ಗಿಸಿದ. "ನೊಣದ ಮೈಯಿಗೆ ದಾರ ನೀವು ಸುತ್ತತೀರಿ, ಖರೇ. ಇನ್ನ ರೆಕ್ಕಿ ಯಾರು ಕಟ್ಟಬೇಕ್ರಿ? ನಿಮ್ಮ ಕೈಲೆ ಆಗೂದಿಲ್ಲಂದ್ರ ರಾಣೆಬೆನ್ನೂರಾಗ ಒಬ್ರು ಅದಾರ, ಅವ್ರಿಗೆ ಕೊಡಬೇಕಾಗ್ತೈತಿ."

"ಮಣ್ಣಾಗ್ಲಿ ತಡಿ ಜಮೀರಣ್ಣ. ಹೇಳ್ತೇನಿ."

ಆಕೆ ಒಳಗೆ ಹೋದಳು.

*

"ಎಡರೆಕ್ಕಿ ಗರಿದೊಂದು ತುಂಡು, ಬಲರೆಕ್ಕಿದೊಂದು," ಹಿಂದೊಮ್ಮೆ ಚೌಡವ್ವ ಬಾತುಕೋಳಿಯ ಗರಿ ಸೀಳಿ ಜೋಡಿಸುತ್ತ ಹೇಳಿದ್ದಳು. "ಗಾಳದ ಬೆನ್ನಮ್ಯಾಲ ಇಟ್ಟು ಎರಡ ಬೆರಳಾಗ ಹಿಡಿ. ಒತ್ತಬ್ಯಾಡ. ದಾರ ನೆಟ್ಟಗ ಕೆಳಗ ಎಳಿ."

ಮಹೇಶ್ವರಿ ಎಳೆದಳು. ರೆಕ್ಕೆ ತಿರುಚಿಕೊಂಡಿತು.

"ಮೇವಿನ ಹೊರಿ ಕಟ್ಟಾಕತ್ತೀಯೇನ? ನೀರಿಗೆ ಬಿದ್ದ ಹುಳದ ರೆಕ್ಕಿ ಅದು. ಮೆತ್ತಗಿರಬೇಕು."

"ಆ ಮೀನು ನೀವರ ನೋಡೀರೇನ್ರಿ ಅತ್ತಿ?"

"ನಾ ಯಾಕ ನೋಡ್ಲಿ. ಅದು ನನ್ನ ಕೈ ನೋಡ್ತೈತಿ."

ಚೌಡವ್ವನ ಬ್ಲೇಡು ದಾರದ ಮೇಲೆ ಆಡಿತು, ರೆಕ್ಕೆ ಮಡಿಲಿಗೆ ಉದುರಿತು. ಒಂಬತ್ತು ವರ್ಷದಲ್ಲಿ ಮಹೇಶ್ವರಿ ಕಟ್ಟಿದ ಒಂದು ರೆಕ್ಕೆಯೂ ಆ ಬ್ಲೇಡು ದಾಟಿ ಜಮೀರನ ಡಬ್ಬಿ ಸೇರಿರಲಿಲ್ಲ.

*

ಸೋಮಣ್ಣ ಬಂದಾಗ ಹೊತ್ತು ವಾಲಿತ್ತು. ತಂದದ್ದು ಗಂಜಿ ಹಾಕಿದ ಹೊಸ ಸೀರೆ. ಗಂಗಾ ಸೆರಗಿನ ಮಡಿಕೆ ಮಾಡಿ ತಾಯಿಯ ಹೆಗಲಿಗಿಟ್ಟಳು, ಬಿಚ್ಚಿಕೊಂಡವು. ಒತ್ತಿ ಹಿಡಿದು ಎಳೆದಳು, ತಿರುಚಿಕೊಂಡವು.

"ಮೆತ್ತಂದು ಸಿಗಲಿಲ್ಲೇನೋ ಮಾವಾ?"

"ಅಂಗಡ್ಯಾಗ ಇದ್ದದ್ದು ತಂದೇನಿ. ಲಗೂ ಮಾಡ್ರಿ," ಎಂದ ಸೋಮಣ್ಣ ಹೊರಗಿನಿಂದ.

ಗಂಗಾ ಮೂರನೇ ಸಲ ಮಡಿಕೆ ಹಿಡಿದಾಗ ಮಹೇಶ್ವರಿಗೆ ತಡೆಯಲಾಗಲಿಲ್ಲ. ನಾದಿನಿಯ ಕೈ ಸರಿಸಿದಳು. ಮಡಿಕೆಗಳನ್ನು ಒಂದರ ಮೇಲೊಂದು ಕೂಡಿಸಿ ಹೆಗಲ ಮೇಲೆ ಎರಡು ಬೆರಳಲ್ಲಿ ಹಿಡಿದಳು. ಒತ್ತಲಿಲ್ಲ. ಇನ್ನೊಂದು ಕೈಯಿಂದ ಸೆರಗನ್ನು ನೆಟ್ಟಗೆ ಕೆಳಗೆಳೆದಳು. ಮಡಿಕೆ ಅಲುಗಲಿಲ್ಲ.

ಗುಡ್ಡವ್ವ ಸೆರಗಿನ ತುದಿ ಸೊಂಟಕ್ಕೆ ಸಿಗಿಸಿದಳು. "ಕುಂತಾವು. ಬಿಡವ್ವಾ ಇನ್ನ."

ಮಹೇಶ್ವರಿ ಬಿಡಲಿಲ್ಲ. ಗಂಡಸರು ಚಟ್ಟವನ್ನು ಸೊಂಟದ ಮಟ್ಟಕ್ಕೆ ಎತ್ತಿದರು. ಆಕೆ ಬಗ್ಗಿಕೊಂಡೇ ಪಕ್ಕದಲ್ಲಿ ನಡೆದು ಹೊಸ್ತಿಲು ದಾಟಿದಳು. ಹೆಬ್ಬೆರಳು, ತೋರುಬೆರಳು ರೆಕ್ಕೆ ಹಿಡಿದಂತೆ ಆ ಹೆಗಲ ಮೇಲೆ ತಾಗಿಯೂ ತಾಗದಂತಿದ್ದವು.

ಅಂಗಳದಲ್ಲಿ ಜಮೀರ್ ಆ ಬೆರಳುಗಳನ್ನೇ ನೋಡುತ್ತ ಹಿಂದೆ ಸರಿದು ದಾರಿ ಬಿಟ್ಟ.